ಅಲ್ಪಮತದ ಸರ್ಕಾರ ಬಂದರೆ ಹೆದರಬೇಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಬಹುಮತ, ಮೈತ್ರಿ, ಬೆಂಬಲ ಇವುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಭಟ್ಕಳದಿಂದ ಜೊಯಿಡಾದವರೆಗೆ ಎಲ್ಲ ಕಡೆಯಿಂದ ಪತ್ರ ಬಂದಿವೆ. ಮುಂದಿನ ಲೋಕಸಭೆ ಚುನಾವಣೆ 2029ಕ್ಕೆ. ಆದರೂ ಜನ ಈಗಲೇ ಈ ಬಗ್ಗೆ ಯೋಚಿಸುತ್ತಿದ್ದಾರೆ. ಕುಮಟೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಲೇ ತಲೆ ಹಣ್ಣಾದ ನನಗೆ ಇಂಥ ಪತ್ರ ಓದುವುದು ಬಹಳ ಸಂತೋಷ. ಎಲ್ಲದಕ್ಕೂ ಉತ್ತರಿಸಲು ಜಾಗ ಸಾಲದು. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: 2024ರಲ್ಲಿ ಯಾವ ಪಕ್ಷಕ್ಕೂ ಲೋಕಸಭೆಯಲ್ಲಿ ಬಹುಮತಕ್ಕೆ ಬೇಕಾದ 272 ಸ್ಥಾನ ಬರಲಿಲ್ಲ. ಹಾಗಾದರೆ ಆಗ ಬಂದದ್ದು ಅಲ್ಪಮತದ ಸರ್ಕಾರವಾ? ನಾನು ಹೌದು ಅಂತೇನೆ, ಅಪ್ಪ ಅಲ್ಲ ಅಂತಾರೆ.
— ಪದವಿ ವಿದ್ಯಾರ್ಥಿ, ಯಲ್ಲಾಪುರ

ಅಪ್ಪ ಹೇಳಿದ್ದೇ ಸರಿ. ಬಿಜೆಪಿಗೆ ಬಂದದ್ದು 240, ನಿಜ. ಆದರೆ ತೆಲುಗುದೇಶಂನ 16, ಜೆಡಿಯುನ 12, ಉಳಿದ ಮಿತ್ರಪಕ್ಷಗಳದ್ದು ಎಲ್ಲ ಸೇರಿ ಎನ್‌ಡಿಎಗೆ 293 ಆಯಿತು. ಇವರು ಚುನಾವಣೆಗೆ ಮೊದಲೇ ಕೈ ಹಿಡಿದವರು, ಮಂತ್ರಿಮಂಡಲದಲ್ಲೂ ಪಾಲು ಪಡೆದವರು. ಅದು ಬಹುಮತ ಇರುವ ಮೈತ್ರಿ ಸರ್ಕಾರ.

ಮಂತ್ರಿಮಂಡಲದಲ್ಲಿ ಕುಳಿತ ಪಕ್ಷಗಳ ಸಂಸದರನ್ನೆಲ್ಲ ಕೂಡಿಸಿದರೂ ಸದನದ ಅರ್ಧ ದಾಟದಿದ್ದರೆ ಅದು ಅಲ್ಪಮತದ ಸರ್ಕಾರ. 1989ರಲ್ಲಿ ವಿ.ಪಿ. ಸಿಂಗ್ ಅವರದ್ದು ಹಾಗಿತ್ತು. ಜನತಾದಳಕ್ಕೆ ಇದ್ದದ್ದು 143. 85 ಸ್ಥಾನದ ಬಿಜೆಪಿ ಮತ್ತು ಎಡಪಕ್ಷಗಳು ಹೊರಗೆ ನಿಂತು ಕೈ ಎತ್ತುತ್ತಿದ್ದವು. 1991ರ ನರಸಿಂಹ ರಾವ್ ಸರ್ಕಾರ, 1996ರ ದೇವೇಗೌಡರ ಸರ್ಕಾರ, 2004ರ ಮನಮೋಹನ್ ಸಿಂಗ್ ಸರ್ಕಾರ, ಇವೂ ಹುಟ್ಟಿದಾಗ ಅಲ್ಪಮತದವೇ. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಉತ್ತರಗಳಲ್ಲಿ ಬೇಕಾಗುತ್ತದೆ.

ಪ್ರಶ್ನೆ: ಅಲ್ಪಮತದ ಸರ್ಕಾರದಲ್ಲಿ ಯಾವ ಕೆಲಸವೂ ಆಗೋದಿಲ್ಲ. ದಿನಾ ಕುರ್ಚಿ ಉಳಿಸಿಕೊಳ್ಳುವುದೇ ಕೆಲಸ. ಅದಕ್ಕೇ ಒಂದೇ ಪಕ್ಷಕ್ಕೆ ಗಟ್ಟಿ ಬಹುಮತ ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ನೀವೇನಂತೀರಿ?
— ಕಿರಾಣಿ ವ್ಯಾಪಾರಿ, ಹೊನ್ನಾವರ

ನಿಮ್ಮ ಊರಿನ ಶರಾವತಿ ರೈಲು ಸೇತುವೆಯನ್ನೇ ತೆಗೆದುಕೊಳ್ಳಿ. ಎರಡು ಕಿಲೋಮೀಟರ್‌ಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ದೊಡ್ಡದು. ಅದನ್ನು ಕಟ್ಟಿದ್ದು ಯಾವ ಸರ್ಕಾರ ಅಂತ ಯಾವತ್ತಾದರೂ ಯೋಚಿಸಿದ್ದೀರಾ?

ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರ ಜುಲೈನಲ್ಲಿ. ಆಗ ಇದ್ದದ್ದು ವಿ.ಪಿ. ಸಿಂಗ್ ಅವರ ಅಲ್ಪಮತದ ಸರ್ಕಾರ. ರೈಲ್ವೆ ಮಂತ್ರಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಹಣಕಾಸು ಮಂತ್ರಿ ಮಧು ದಂಡವತೆ, ಕೊಂಕಣದ ರಾಜಾಪುರದಿಂದ ಗೆದ್ದವರು. ಕೆಲಸ ಶುರುವಾದ ಕೆಲವೇ ವಾರಕ್ಕೆ, ನವೆಂಬರ್ 7ರಂದು, ಸರ್ಕಾರ ಬಿತ್ತು. ಪರವಾಗಿ 142, ವಿರುದ್ಧ 346. ಆಮೇಲೆ ಚಂದ್ರಶೇಖರ್ ಬಂದರು, ಹೋದರು. ನರಸಿಂಹ ರಾವ್ ಬಂದರು. 13 ದಿನದ ವಾಜಪೇಯಿ, ದೇವೇಗೌಡ, ಗುಜ್ರಾಲ್. ಇಷ್ಟೆಲ್ಲ ಪ್ರಧಾನಿಗಳು ಬದಲಾದರೂ ಸುರಂಗ ಕೊರೆಯುವುದು ನಿಲ್ಲಲಿಲ್ಲ. 1998ರ ಜನವರಿ 26ಕ್ಕೆ ರೋಹಾದಿಂದ ಮಂಗಳೂರಿನವರೆಗೆ ಪೂರ್ತಿ ದಾರಿ ತೆರೆಯಿತು. ಎಂಟು ವರ್ಷವೂ ಹಿಡಿಯಲಿಲ್ಲ.

ಇದು ಹೇಗೆ ಸಾಧ್ಯವಾಯಿತು? ಕೆಲಸವನ್ನು ರೈಲ್ವೆ ಇಲಾಖೆಯ ಕಡತಕ್ಕೆ ಬಿಡಲಿಲ್ಲ. ಬೇರೆಯೇ ನಿಗಮ ಮಾಡಿದರು. ರೈಲ್ವೆ ಇಲಾಖೆಯದ್ದು ಶೇ 51 ಪಾಲು, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣವನ್ನು ಬಾಂಡ್ ಮಾರಿ ಎತ್ತಿದರು. ಹಾಗಾಗಿ ಪ್ರತಿ ಬಜೆಟ್ಟಿಗೂ ಕೈ ಒಡ್ಡಿ ನಿಲ್ಲುವ ಪರಿಸ್ಥಿತಿ ಬರಲಿಲ್ಲ. ಇ. ಶ್ರೀಧರನ್ ಅಂಥವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಹೆಚ್ಚು ದಿನ ಬಾಳದ ಸರ್ಕಾರವೂ ತನ್ನ ಆಯುಷ್ಯಕ್ಕಿಂತ ದೊಡ್ಡ ಕೆಲಸಕ್ಕೆ ಪಾಯ ಹಾಕಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಮುಂಬೈಗೆ ಹೊರಟ ಮಗನನ್ನು ರಾತ್ರಿ ಬಸ್ಸಿಗೆ ಹತ್ತಿಸಿ ಎರಡು ದಿನ ಪತ್ರಕ್ಕೆ ಕಾದ ತಾಯಂದಿರು ನಮ್ಮ ಕರಾವಳಿಯಲ್ಲಿ ಎಷ್ಟು ಜನ ಇದ್ದರು, ಅಲ್ವಾ? ಅವರಿಗೆ ರೈಲು ಕೊಟ್ಟದ್ದು ಅರ್ಧ ಸದನವೂ ತನ್ನದಲ್ಲದ ಸರ್ಕಾರ.

ಈಗ ಸ್ವಲ್ಪ ಉತ್ತರಕ್ಕೆ ಬನ್ನಿ, ಕಾರವಾರದ ಅರ್ಗಾಕ್ಕೆ. ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಶಿಲಾನ್ಯಾಸ ಮಾಡಿದ್ದು 1986ರಲ್ಲಿ. ಅವರ ಹಿಂದೆ ನಾನೂರಕ್ಕೂ ಜಾಸ್ತಿ ಸಂಸದರಿದ್ದರು. ಈ ದೇಶ ಅದಕ್ಕಿಂತ ದೊಡ್ಡ ಬಹುಮತ ಕಂಡಿಲ್ಲ. ಆ ನೆಲೆ ಐಎನ್‌ಎಸ್ ಕದಂಬ ಅನ್ನುವ ಹೆಸರಿನಲ್ಲಿ ಸೇವೆಗೆ ಸೇರಿದ್ದು 2005ರ ಮೇ ತಿಂಗಳಲ್ಲಿ. ನಡುವೆ ಸಾವಿರಾರು ಕುಟುಂಬ ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಹೋದವು. ಅವರ ಪರಿಹಾರದ ಕೇಸುಗಳು ಕೋರ್ಟಿನಿಂದ ಕೋರ್ಟಿಗೆ ದಶಕಗಟ್ಟಲೆ ಅಲೆದವು. ಕೆಲಸ ತಡವಾಗಲು 1991ರ ಹಣದ ಬಿಕ್ಕಟ್ಟೂ ಕಾರಣ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಹುಮತ ಇದ್ದರೆ ಕೆಲಸ ತಾನಾಗಿ ಆಗುತ್ತದೆ ಅನ್ನೋದು ನಮ್ಮ ಜಿಲ್ಲೆಯ ಅನುಭವ ಅಲ್ಲ.

ಇನ್ನೊಂದು ಮಾತು. ಸಂವಿಧಾನದ 73ನೇ ತಿದ್ದುಪಡಿ, ಅಂದರೆ ಈಗಿನ ಪಂಚಾಯತ್ ವ್ಯವಸ್ಥೆಗೆ ಸಂವಿಧಾನದ ಬಲ ಕೊಟ್ಟದ್ದು, 1992ರ ಡಿಸೆಂಬರಿನಲ್ಲಿ ಪಾಸಾಯಿತು. ಅದಕ್ಕೆ ಹಾಜರಿದ್ದು ಮತ ಹಾಕುವವರಲ್ಲಿ ಮೂರನೇ ಎರಡು ಭಾಗ ಬೇಕು. ನರಸಿಂಹ ರಾವ್ ಅವರ ಬಳಿ ಅರ್ಧವೂ ಇರಲಿಲ್ಲ. ವಿರೋಧ ಪಕ್ಷದವರನ್ನು ಕೂಡಿಸಿಕೊಂಡು, ಮಾತಾಡಿ ಮಾಡಿಸಿದರು. ಇಂದು ನಿಮ್ಮ ಪಂಚಾಯತಿಯಲ್ಲಿ ಹೆಣ್ಣುಮಕ್ಕಳು ಅಧ್ಯಕ್ಷರಾಗಿ ಕೂರುತ್ತಿದ್ದರೆ ಅದರ ಹಿಂದೆ ಈ ಮಾತುಕತೆ ಉಂಟು.

ಪ್ರಶ್ನೆ: ನಮ್ಮ ರಾಮಕೃಷ್ಣ ಹೆಗಡೆಯವರು ಮೊದಲು ನಡೆಸಿದ್ದೂ ಅಲ್ಪಮತದ ಸರ್ಕಾರ ಅಂತ ಅಜ್ಜ ಹೇಳುತ್ತಿದ್ದರು. ಲೋಕಸಭೆ ಚುನಾವಣೆಯಲ್ಲಿ ಸೋತು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರಂತೆ. ಇದು ಖರೇನಾ?
— ಅಡಿಕೆ ಬೆಳೆಗಾರ, ಸಿದ್ದಾಪುರ

ಖರೆ. ಅಜ್ಜನ ನೆನಪು ಚೆನ್ನಾಗಿದೆ.

1983ರ ವಿಧಾನಸಭೆ ಚುನಾವಣೆಯಲ್ಲಿ 224 ಸ್ಥಾನದಲ್ಲಿ ಜನತಾ ಪಕ್ಷಕ್ಕೆ ಬಂದದ್ದು 95. ಕಾಂಗ್ರೆಸ್‌ಗೆ 82. 18 ಸ್ಥಾನದ ಬಿಜೆಪಿ, ಎಡಪಕ್ಷಗಳು, ಕೆಲವು ಪಕ್ಷೇತರರು ಹೊರಗಿನಿಂದ ಬೆಂಬಲ ಕೊಟ್ಟರು. ಬಿಜೆಪಿ ಮತ್ತು ಕಮ್ಯುನಿಸ್ಟರು ಇಬ್ಬರೂ ಒಂದೇ ಸರ್ಕಾರವನ್ನು ಎತ್ತಿ ಹಿಡಿದರು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ನಿಮ್ಮ ತಾಲ್ಲೂಕಿನ ದೊಡ್ಮನೆಯವರು ಮುಖ್ಯಮಂತ್ರಿ.

ಆ ಎರಡು ವರ್ಷಗಳಲ್ಲಿ ಏನಾಯಿತು ನೋಡಿ. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯ್ದೆ 1983ರಲ್ಲಿ ಬಂತು. ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಶಕ್ತಿ. ಹೆಂಗಸರಿಗೆ ಕಾಲು ಭಾಗ ಮೀಸಲು. ಅದರಂತೆ ಚುನಾವಣೆ ನಡೆದದ್ದು 1987ರಲ್ಲಿ. ಲೋಕಾಯುಕ್ತ ಕಾಯ್ದೆ ಬಂದದ್ದು 1984ರಲ್ಲಿ. ಇವೆರಡೂ ಹಗುರ ಕಾನೂನುಗಳಲ್ಲ. ಒಂದು ಶಾಸಕರ ಅಧಿಕಾರವನ್ನು ಹಳ್ಳಿಗೆ ಹಂಚಿತು. ಇನ್ನೊಂದು ಮಂತ್ರಿಗಳ ಮೇಲೇ ಕಣ್ಣಿಟ್ಟಿತು. ತನ್ನ ಬಲದ ಮೇಲೆ ನಿಲ್ಲಲಾರದ ಸರ್ಕಾರ ಇವನ್ನು ಮಾಡಿತು.

1984ರ ಡಿಸೆಂಬರಿನಲ್ಲಿ ಲೋಕಸಭೆ ಚುನಾವಣೆ ಬಂತು. ಇಂದಿರಾ ಗಾಂಧಿಯವರ ಹತ್ಯೆಯಾಗಿ ಎರಡು ತಿಂಗಳು. ರಾಜ್ಯದ 28 ಸ್ಥಾನದಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 4. ಹೆಗಡೆಯವರು ರಾಜೀನಾಮೆ ಕೊಟ್ಟರು. ಕಾನೂನಿನ ಪ್ರಕಾರ ಕೊಡಲೇಬೇಕು ಅಂತ ಏನೂ ಇರಲಿಲ್ಲ. ಅದು ವಿಧಾನಸಭೆಯ ಚುನಾವಣೆಯೇ ಅಲ್ಲ. ಬೆಂಬಲ ಕೊಟ್ಟವರು ಕೈಬಿಟ್ಟಿರಲಿಲ್ಲ. ಆದರೂ ಜನರ ವಿಶ್ವಾಸ ಇದೆಯೋ ಇಲ್ಲವೋ ಕೇಳಿಯೇ ಬಿಡೋಣ ಅಂದರು. 1985ರ ಮಾರ್ಚಿನಲ್ಲಿ ಅದೇ ಮತದಾರರು 139 ಸ್ಥಾನ ಕೊಟ್ಟರು. ದೆಹಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು ಅಂತ ಮೂರು ತಿಂಗಳೊಳಗೆ ಬಿಡಿಸಿ ಹೇಳಿದ ಮತದಾರರ ಬಗ್ಗೆ ನನಗೆ ಇಂದಿಗೂ ದೊಡ್ಡ ಗೌರವ ಇದೆ.

ಇನ್ನೂ ಒಂದು ವಿಷಯ ಹೇಳಬೇಕು. ಹೆಗಡೆಯವರಿಗೆ ಕೆಟ್ಟ ಹೆಸರು ಬಂದದ್ದು, ಟೆಲಿಫೋನ್ ಕದ್ದಾಲಿಕೆಯ ವಿವಾದದಲ್ಲಿ 1988ರಲ್ಲಿ ಅಧಿಕಾರ ಬಿಟ್ಟದ್ದು, ಎಲ್ಲವೂ ಪೂರ್ಣ ಬಹುಮತದ ಕಾಲದಲ್ಲಿ. 95 ಸ್ಥಾನ ಇದ್ದಾಗ ಇದ್ದ ಎಚ್ಚರ 139 ಬಂದ ಮೇಲೆ ಉಳಿಯಲಿಲ್ಲ ಅಂತಲೇ ನನ್ನ ಓದು.

ಪ್ರಶ್ನೆ: ನಮ್ಮ ಲೋಕಸಭಾ ಕ್ಷೇತ್ರದಿಂದ ಪಕ್ಷೇತರರು ಯಾವಾಗಲಾದರೂ ಗೆದ್ದಿದ್ದಾರಾ?
— ಓದುಗರು, ಶಿರಸಿ

ಗೆದ್ದಿದ್ದಾರೆ. 1967ರಲ್ಲಿ ದಿನಕರ ದೇಸಾಯಿಯವರು. ಚುಟುಕದ ಕವಿ, ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿ ಹಳ್ಳಿಗೆ ಶಾಲೆ ತಂದವರು. ಅವರು ಸಂಸದರಾಗಿದ್ದಾಗಲೇ 1969ರಲ್ಲಿ ಕಾಂಗ್ರೆಸ್ ಒಡೆದು, ಇಂದಿರಾ ಗಾಂಧಿಯವರ ಸರ್ಕಾರ ಅಲ್ಪಮತಕ್ಕೆ ಇಳಿಯಿತು. ಡಿಎಂಕೆ, ಸಿಪಿಐ ಬೆಂಬಲದಲ್ಲಿ ಒಂದು ವರ್ಷ ನಡೆದು, ಅವಧಿಗೆ ಮೊದಲೇ 1971ರಲ್ಲಿ ಚುನಾವಣೆ ಬಂತು. ಸ್ವತಂತ್ರ ಭಾರತದ ಮೊದಲ ಅಲ್ಪಮತದ ಸರ್ಕಾರ ಅದೇ.

ಪ್ರಶ್ನೆ: "ಹೊರಗಿನಿಂದ ಬೆಂಬಲ" ಅನ್ನೋದು ನನಗೆ ಅರ್ಥವೇ ಆಗಿಲ್ಲ. ಸರ್ಕಾರ ಬೇಕು ಅಂತಾದರೆ ಒಳಗೇ ಬಂದು ಕೆಲಸ ಮಾಡಬಾರದಾ? ಬೇಡ ಅಂತಾದರೆ ಸುಮ್ನೆ ವಿರೋಧ ಮಾಡಬಾರದಾ?
— ಗೃಹಿಣಿ, ಕಾರವಾರ

ಬಂದ ಪತ್ರಗಳಲ್ಲಿ ಮುಖ್ಯವಾದ ಪ್ರಶ್ನೆ ಇದು. ಅದಕ್ಕೇ ಸ್ವಲ್ಪ ಉದ್ದ ಉತ್ತರ.

ನಮ್ಮ ಜಿಲ್ಲೆಯ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎರಡೂ ಗೊತ್ತು. ಮೂಲಗೇಣಿಯವನನ್ನು ಒಡೆಯ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವನನ್ನು ಯಾವಾಗ ಬೇಕಾದರೂ ಬಿಡಿಸಬಹುದಿತ್ತು. ಗದ್ದೆ ಉತ್ತು, ಗೊಬ್ಬರ ಹಾಕಿ, ನಾಟಿ ಮಾಡಿದವನಿಗೆ ಕೊಯ್ಲಿನ ಹೊತ್ತಿಗೆ ತಾನು ಅಲ್ಲಿರುತ್ತೇನೋ ಇಲ್ಲವೋ ಖಾತ್ರಿ ಇರಲಿಲ್ಲ. ಷರತ್ತಿಲ್ಲದ, ಬರಹವಿಲ್ಲದ ಹೊರಗಿನ ಬೆಂಬಲದ ಮೇಲೆ ನಿಂತ ಪ್ರಧಾನಿ ಚಾಲಗೇಣಿಯ ಒಕ್ಕಲು.

ಚರಣ್ ಸಿಂಗ್ 1979ರ ಜುಲೈ 28ರಂದು ಪ್ರಮಾಣ ಮಾಡಿದರು. ಇಂದಿರಾ ಕಾಂಗ್ರೆಸ್ ಬೆಂಬಲ ಕೊಟ್ಟಿತ್ತು. ಆಗಸ್ಟ್ 20ಕ್ಕೆ ಬೆಂಬಲ ಹೋಯಿತು, ಅವರು ರಾಜೀನಾಮೆ ಕೊಟ್ಟರು. ಪ್ರಧಾನಿಯಾಗಿ ಒಂದು ದಿನವೂ ಸಂಸತ್ತನ್ನು ಎದುರಿಸಲಿಲ್ಲ.

ಚಂದ್ರಶೇಖರ್ ಕಥೆ ಇನ್ನೂ ದುಬಾರಿ. ಅವರ ಹತ್ತಿರ ಇದ್ದದ್ದು ಸುಮಾರು 60 ಸಂಸದರು. ಬೆಂಬಲಿಸಿದ ಕಾಂಗ್ರೆಸ್‌ಗೆ 1989ರಲ್ಲಿ ಬಂದಿದ್ದು 197. ರಾಜೀವ್ ಗಾಂಧಿಯವರ ಮನೆ ಹತ್ತಿರ ಹರಿಯಾಣದ ಇಬ್ಬರು ಪೊಲೀಸರು ಸಿಕ್ಕಿಬಿದ್ದರು, ಗೂಢಚಾರಿಕೆ ಅಂತ ಗಲಾಟೆಯಾಯಿತು, 1991ರ ಮಾರ್ಚ್ 6ರಂದು ಚಂದ್ರಶೇಖರ್ ರಾಜೀನಾಮೆ ಕೊಟ್ಟರು. ಪೂರ್ತಿ ಬಜೆಟ್ ಮಂಡಿಸಲಿಕ್ಕೇ ಆಗಲಿಲ್ಲ. ಲೇಖಾನುದಾನದಲ್ಲಿ, ಅಂದರೆ ಕೆಲವು ತಿಂಗಳ ಖರ್ಚಿಗೆ ಮಾತ್ರ ಸದನದ ಒಪ್ಪಿಗೆ ಪಡೆದು, ದಿನ ದೂಡಬೇಕಾಯಿತು. ವಿದೇಶಿ ಹಣ ಬರಿದಾಗುತ್ತಿದ್ದ ಹೊತ್ತು. ಆ ಮೇ ತಿಂಗಳಲ್ಲಿ ಉಸ್ತುವಾರಿ ಸರ್ಕಾರ 20 ಟನ್ ಚಿನ್ನವನ್ನು ಸ್ವಿಸ್ ಬ್ಯಾಂಕಿಗೆ ಕಳಿಸಿ ಡಾಲರ್ ತಂದಿತು. ಬಿಕ್ಕಟ್ಟಿಗೆ ಬೇರೆ ಕಾರಣಗಳೂ ಇದ್ದವು. ಆದರೆ ನಿರ್ಧಾರ ಮಾಡಲು ಧೈರ್ಯವುಳ್ಳ ಸರ್ಕಾರ ಅತಿ ಅಗತ್ಯವಿದ್ದಾಗಲೇ ದೇಶಕ್ಕೆ ಸರ್ಕಾರ ಇರಲಿಲ್ಲ.

ದೇವೇಗೌಡರದ್ದು ನಮಗೆಲ್ಲ ನೆನಪಿದೆ. ಜನತಾದಳದ 46 ಸ್ಥಾನಗಳಲ್ಲಿ 16 ಕರ್ನಾಟಕದವು. ಸಂಯುಕ್ತ ರಂಗದ ಪಕ್ಷಗಳ ನಡುವೆ ಕನಿಷ್ಠ ಕಾರ್ಯಕ್ರಮ ಅಂತ ಬರಹ ಇತ್ತು. ಆದರೆ 140 ಸ್ಥಾನದ ಕಾಂಗ್ರೆಸ್ ಅದರೊಳಗೆ ಇರಲಿಲ್ಲ. 1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಬೆಂಬಲ ವಾಪಸ್ ಪಡೆದರು. ರೈತರ ಮಗನನ್ನು ಹತ್ತು ತಿಂಗಳಲ್ಲಿ ಇಳಿಸುವಂಥ ನೀತಿಯ ಜಗಳ ಯಾವುದಿತ್ತು? ನಾನು ಎಷ್ಟು ಹುಡುಕಿದರೂ ಕಾಣುವುದಿಲ್ಲ.

ಇದಕ್ಕೆ ಎದುರಾಗಿ 2004 ನೋಡಿ. ಎಡಪಕ್ಷಗಳ ಸುಮಾರು 60 ಸಂಸದರು ಹೊರಗೇ ಉಳಿದರು. ಆದರೆ ಸರ್ಕಾರ ಏನು ಮಾಡಬೇಕು, ಏನು ಮಾಡಬಾರದು ಅಂತ ಕನಿಷ್ಠ ಕಾರ್ಯಕ್ರಮದ ದಾಖಲೆ ಅಚ್ಚಾಗಿ ಜನರ ಕೈಗೆ ಬಂತು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ, ಉದ್ಯೋಗ ಖಾತರಿ ಕಾಯ್ದೆ ಅದೇ ವರ್ಷ, ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದವು. ಮುಕ್ಕಾಲು ಪಾಲು ಕಾಡೇ ಇರುವ ನಮ್ಮ ಜಿಲ್ಲೆಗೆ ಆ ಕೊನೆಯ ಕಾಯ್ದೆ ಎಷ್ಟು ಮುಖ್ಯ ಅಂತ ಹೇಳಬೇಕಾಗಿಲ್ಲ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರಿನ ದಾಖಲೆ ತರಬೇಕು ಅನ್ನುವ ಷರತ್ತಿನಿಂದ ಎಷ್ಟು ಅರ್ಜಿ ಬಿದ್ದುಹೋದವು ಅನ್ನುವ ನೋವು ಬೇರೆ. 2008ರಲ್ಲಿ ಅಮೆರಿಕದ ಜೊತೆಗಿನ ಅಣು ಒಪ್ಪಂದಕ್ಕೆ ಎಡಪಕ್ಷಗಳು ಬೆಂಬಲ ಹಿಂತೆಗೆದವು. ಯಾಕೆ ಅಂತ ದೇಶಕ್ಕೆಲ್ಲ ಗೊತ್ತಿತ್ತು. ಜುಲೈ 22ರಂದು ಸದನದಲ್ಲಿ 275ಕ್ಕೆ 256 ಆಗಿ ಸರ್ಕಾರ ಉಳಿಯಿತು.

ಹೊರಗಿನ ಬೆಂಬಲ ತಪ್ಪಲ್ಲ. ಬರಹದಲ್ಲಿ ಇಲ್ಲದ ಬೆಂಬಲ ಅಪಾಯ. ಮಂತ್ರಿಗಿರಿ ಬೇಡ, ಆದರೆ ಈ ಐದು ಕೆಲಸ ಆಗಬೇಕು ಅಂತ ಒಂದು ಪಕ್ಷ ಸಹಿ ಹಾಕಿ ಹೇಳಿದರೆ ಅದನ್ನು ನಾನು ಗೌರವಿಸುತ್ತೇನೆ.

ಪ್ರಶ್ನೆ: ಮಗಳು ಟೊರಾಂಟೊದಲ್ಲಿದ್ದಾಳೆ. ಅಲ್ಲಿ ಅಲ್ಪಮತದ ಸರ್ಕಾರ ಅಂದರೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ ಅಂತಾಳೆ. ನಿಜವಾ?
— ನಿವೃತ್ತ ಬ್ಯಾಂಕ್ ನೌಕರರು, ಶಿರಸಿ

ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಅವರಿಗೆ ಅಭ್ಯಾಸ ಆಗಿದೆ. 2021ರ ಚುನಾವಣೆಯಲ್ಲಿ 338ರಲ್ಲಿ ಲಿಬರಲ್ ಪಕ್ಷಕ್ಕೆ 160 ಬಂತು. 25 ಸ್ಥಾನದ ನ್ಯೂ ಡೆಮಾಕ್ರಟಿಕ್ ಪಕ್ಷ 2022ರ ಮಾರ್ಚಿನಲ್ಲಿ ಲಿಖಿತ ಒಪ್ಪಂದ ಮಾಡಿಕೊಂಡಿತು. ಬಜೆಟ್ಟಿಗೆ, ವಿಶ್ವಾಸಮತಕ್ಕೆ ನಾವು ಕೈ ಎತ್ತುತ್ತೇವೆ, ನೀವು ಬಡವರ ಹಲ್ಲಿನ ಚಿಕಿತ್ಸೆಗೆ ಯೋಜನೆ ತರಬೇಕು, ಔಷಧದ ಖರ್ಚಿನ ಬಗ್ಗೆ ಕಾನೂನು ಮಾಡಬೇಕು ಅಂತ. ಯೋಜನೆ ಬಂತು. 2024ರ ಸೆಪ್ಟೆಂಬರಿನಲ್ಲಿ ಒಪ್ಪಂದ ಮುರಿಯಿತು. ಮಂತ್ರಿಮಂಡಲದಲ್ಲಿ ಒಂದೂ ಕುರ್ಚಿ ಇಲ್ಲದ ಪಕ್ಷ ತನ್ನ ಮತದಾರರಿಗೆ ಕೊಟ್ಟ ಮಾತನ್ನು ಹೀಗೆ ನಡೆಸಿಕೊಂಡಿತು.

ಪ್ರಶ್ನೆ: ವಿಶ್ವಾಸಮತ, ಅವಿಶ್ವಾಸ ನಿರ್ಣಯ ಇವೆರಡರ ವ್ಯತ್ಯಾಸ ಮಕ್ಕಳಿಗೆ ಹೇಗೆ ಹೇಳಲಿ?
— ಹೈಸ್ಕೂಲ್ ಶಿಕ್ಷಕಿ, ಕುಮಟಾ

ಅವಿಶ್ವಾಸ ನಿರ್ಣಯ ತರುವುದು ವಿರೋಧ ಪಕ್ಷ. ಲೋಕಸಭೆಯ 198ನೇ ನಿಯಮದಂತೆ 50 ಸದಸ್ಯರು ಎದ್ದು ನಿಂತು ಒಪ್ಪಬೇಕು. ವಿಶ್ವಾಸಮತ ಕೇಳುವುದು ಪ್ರಧಾನಿಯೇ, ಸಾಮಾನ್ಯವಾಗಿ ರಾಷ್ಟ್ರಪತಿಗಳು ಹೇಳಿದ ಮೇಲೆ. ಎರಡರ ಬೇರೂ ಸಂವಿಧಾನದ 75ನೇ ವಿಧಿಯಲ್ಲಿ, ಮಂತ್ರಿಮಂಡಲ ಲೋಕಸಭೆಗೆ ಒಟ್ಟಾಗಿ ಉತ್ತರ ಕೊಡಬೇಕು ಅನ್ನುವಲ್ಲಿ. ಬಜೆಟ್ ಬಿದ್ದರೂ ಸರ್ಕಾರ ಬಿದ್ದಂತೆಯೇ.

ಮಕ್ಕಳಿಗೆ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣವನ್ನು ತಪ್ಪದೆ ಹೇಳಿ. 1989ರಲ್ಲಿ ಅವರ ಸರ್ಕಾರವನ್ನು ಸದನದಲ್ಲಿ ಬಲ ತೋರಿಸಲು ಬಿಡದೆ ವಜಾ ಮಾಡಿದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ಹೇಳಿತು: ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲಿ ತೀರ್ಮಾನ ಆಗಬೇಕು, ರಾಜಭವನದಲ್ಲಿ ಅಲ್ಲ. ಇಡೀ ದೇಶ ಓದುವ ಈ ತೀರ್ಪು ಕರ್ನಾಟಕದಿಂದ ಹೋದದ್ದು.

ಪ್ರಶ್ನೆ: ಒಂದೇ ವೋಟಿನಿಂದ ವಾಜಪೇಯಿ ಸರ್ಕಾರ ಬಿತ್ತಲ್ಲ, ಆಮೇಲೆ ಚುನಾವಣೆಯವರೆಗೆ ದೇಶ ನಡೆಸಿದ್ದು ಯಾರು? ಇಂಥ ಸರ್ಕಾರಕ್ಕೆ ಅಧಿಕಾರ ಎಷ್ಟು?
— ವಕೀಲರ ಕಚೇರಿಯ ಗುಮಾಸ್ತರು, ಅಂಕೋಲಾ

1999ರ ಏಪ್ರಿಲ್ 17. ಪರವಾಗಿ 269, ವಿರುದ್ಧ 270. 18 ಸಂಸದರ ಅಣ್ಣಾ ಡಿಎಂಕೆ ಕೈಬಿಟ್ಟಿತ್ತು. ವಾಜಪೇಯಿಯವರೇ ಉಸ್ತುವಾರಿ ಪ್ರಧಾನಿಯಾಗಿ ಅಕ್ಟೋಬರ್‌ವರೆಗೆ ಇದ್ದರು. ಕಾರ್ಗಿಲ್ ಯುದ್ಧ ನಡೆದದ್ದು ಆ ಅವಧಿಯಲ್ಲೇ. ಉಸ್ತುವಾರಿ ಸರ್ಕಾರ ಅನ್ನುವುದು ಸಂವಿಧಾನದಲ್ಲಿ ಬರೆದದ್ದಲ್ಲ, ನಡೆದುಬಂದ ಪದ್ಧತಿ. ದಿನದ ಆಡಳಿತ, ದೇಶದ ರಕ್ಷಣೆ ನಡೆಸಬೇಕು. ಹೊಸ ದೊಡ್ಡ ನೀತಿ ತರಬಾರದು. ಚುನಾವಣೆ ಘೋಷಣೆಯಾದ ಮೇಲೆ ಆಯೋಗದ ನೀತಿಸಂಹಿತೆಯೂ ಇರುತ್ತದೆ.

1996, 1998, 1999. ನಾಲ್ಕು ವರ್ಷದೊಳಗೆ ಮೂರು ಲೋಕಸಭೆ ಚುನಾವಣೆ. ಆಗ ಚುನಾವಣಾ ಕೆಲಸಕ್ಕೆ ಹೋದವರಿಗೆ ಅದರ ಭಾರ ಗೊತ್ತು. ಜೊಯಿಡಾ ಕಾಡಿನ ಒಂದು ಶಾಲೆಯಲ್ಲಿ ನಮ್ಮ ಮತಗಟ್ಟೆ. ಹಿಂದಿನ ರಾತ್ರಿಯೇ ಹೋಗಿ ಶಾಲೆಯ ಬೆಂಚಿನ ಮೇಲೆ ಮಲಗಬೇಕು. ಬೆಳಗಾದರೆ ಶಾಯಿ ಬಾಟಲಿ, ಮೊಹರು, ಮತದಾರರ ಪಟ್ಟಿ ಜೋಡಿಸಬೇಕು. ಸಂಜೆ ಮೊಂಬತ್ತಿ ಹಚ್ಚಿ, ಅರಗು ಕರಗಿಸಿ, ಮತಪೆಟ್ಟಿಗೆಗೆ ಮುದ್ರೆ ಒತ್ತಬೇಕು. 1998ರಲ್ಲಿ ಕುಣಬಿ ಅಜ್ಜಿಯೊಬ್ಬರು ಬೆರಳು ಚಾಚಿದವರು ಶಾಯಿ ಹಚ್ಚುವ ಮೊದಲು ಕೊಂಕಣಿಯಲ್ಲಿ ಕೇಳಿದರು: "ಮೊನ್ನೆಯಷ್ಟೇ ಹಾಕಿದ್ದೆ. ಆ ವೋಟು ಏನಾಯಿತು?" ಗುಡ್ಡ ಇಳಿದು, ಹಳ್ಳ ದಾಟಿ ಬಂದ ಅಜ್ಜಿ ಅವರು. ಐದು ವರ್ಷಕ್ಕೆ ಅಂತ ಕೊಟ್ಟ ಮತ ಎರಡು ವರ್ಷಕ್ಕೇ ಮುಗಿದಿತ್ತು. ಬೆಂಬಲ ವಾಪಸ್ ಪಡೆಯುವ ನಾಯಕರು ಆ ಅಜ್ಜಿಗೆ ಉತ್ತರ ಕೊಡಬೇಕು ಅಂತ ನನಗೆ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ.

ಪ್ರಶ್ನೆ: ನೀವು ಅಲ್ಪಮತದ ಸರ್ಕಾರವನ್ನು ಹೊಗಳುತ್ತೀರಿ. ಸಂಸದರನ್ನು, ಶಾಸಕರನ್ನು ದುಡ್ಡು ಕೊಟ್ಟು ಕೊಳ್ಳುವ ರೋಗ ಬರೋದು ಅಲ್ಲಿಂದಲೇ ಅಲ್ವಾ?
— ಓದುಗರು, ಮುಂಡಗೋಡ

ನಿಮ್ಮ ಸಿಟ್ಟು ನ್ಯಾಯವಾದದ್ದು. 1993ರ ಜುಲೈ 28ರಂದು ನರಸಿಂಹ ರಾವ್ ಸರ್ಕಾರ ಅವಿಶ್ವಾಸ ನಿರ್ಣಯದಿಂದ ಪಾರಾಯಿತು. ನಿರ್ಣಯದ ಪರ 251, ವಿರುದ್ಧ 265. ಜಾರ್ಖಂಡ್ ಮುಕ್ತಿ ಮೋರ್ಚಾದ ಸಂಸದರಿಗೆ ಹಣ ಕೊಟ್ಟ ಆರೋಪ ಬಂತು. 1998ರಲ್ಲಿ ಸುಪ್ರೀಂ ಕೋರ್ಟ್, ಹಣ ಪಡೆದು ಸದನದಲ್ಲಿ ಮತ ಹಾಕಿದವರಿಗೆ ಸಂವಿಧಾನದ ರಕ್ಷಣೆ ಇದೆ ಅಂದಿತು. ಓದಿದಾಗ ಮೈ ಉರಿದಿತ್ತು. 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಅಳಿಸಿ ಹಾಕಿತು. ಈಗ ಲಂಚ ಲಂಚವೇ, ಸದನದೊಳಗಾಗಲಿ ಹೊರಗಾಗಲಿ.

ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲಿ ಬಂತು. ಮೂರನೇ ಒಂದು ಭಾಗ ಒಡೆದು ಹೋದರೆ ತಪ್ಪಿಲ್ಲ ಅನ್ನುವ ಕಿಂಡಿಯನ್ನು 2003ರ 91ನೇ ತಿದ್ದುಪಡಿ ಮುಚ್ಚಿತು. ಆಮೇಲೆ ರಾಜೀನಾಮೆಯ ದಾರಿ ಹುಡುಕಿದರು. 2019ರಲ್ಲಿ ನಮ್ಮ ರಾಜ್ಯದಲ್ಲಿ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದರು, ಜುಲೈ 23ರಂದು 99ಕ್ಕೆ 105 ಆಗಿ ಕುಮಾರಸ್ವಾಮಿ ಸರ್ಕಾರ ಬಿತ್ತು, 17 ಜನ ಅನರ್ಹರಾದರು. ಅನರ್ಹತೆ ಸರಿ, ಆದರೆ ಮತ್ತೆ ಸ್ಪರ್ಧಿಸಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರಿನ ಉಪಚುನಾವಣೆ ನಮ್ಮ ಯಲ್ಲಾಪುರದಲ್ಲೂ ನಡೆಯಿತು.

ಒಂದನ್ನು ಗಮನಿಸಿ. 2019ರಲ್ಲಿ ಬಿದ್ದದ್ದು ಅಲ್ಪಮತದ ಸರ್ಕಾರ ಅಲ್ಲ, ಬಹುಮತ ಇದ್ದ ಮೈತ್ರಿ. ಕೊಳ್ಳುವವರು ಅಂಚಿನಲ್ಲಿರುವ ಎಲ್ಲ ಸರ್ಕಾರವನ್ನೂ ನೋಡುತ್ತಾರೆ. ಅವಧಿಯ ಮಧ್ಯೆ ರಾಜೀನಾಮೆ ಕೊಟ್ಟವರು ಆ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು, ಮಂತ್ರಿಯೂ ಆಗಬಾರದು ಅಂತ ಕಾನೂನು ಬರಬೇಕು. ಇದನ್ನು ಎಲ್ಲ ಪಕ್ಷದವರಿಗೂ ಹೇಳುತ್ತಿದ್ದೇನೆ.

ಪ್ರಶ್ನೆ: 2029ರಲ್ಲಿ ವೋಟು ಕೇಳಲು ಮನೆಗೆ ಬಂದವರನ್ನು ಏನು ಕೇಳಬೇಕು? ನಮಗೆ ಮಾತಾಡಲು ಸಿಗೋದು ಎರಡೇ ನಿಮಿಷ.
— ಸ್ವಸಹಾಯ ಸಂಘದ ಸದಸ್ಯೆ, ಭಟ್ಕಳ

ಎರಡು ನಿಮಿಷ ಸಾಕು. "ನಿಮ್ಮ ಪಕ್ಷಕ್ಕೆ ಬಹುಮತ ಬರದಿದ್ದರೆ ಯಾರ ಜೊತೆ ಹೋಗುತ್ತೀರಿ? ಯಾರ ಜೊತೆ ಹೋಗೋದಿಲ್ಲ?" ಅಂತ ಮೊದಲು ಕೇಳಿ. ಈ ಪ್ರಶ್ನೆಯನ್ನು ಚುನಾವಣೆಯ ಮೊದಲು ಕೇಳಬೇಕು, ಫಲಿತಾಂಶದ ರಾತ್ರಿ ಅಲ್ಲ.

ಆಮೇಲೆ ಬೆಂಬಲದ ಪತ್ರ. 1998ರಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ವಾಜಪೇಯಿಯವರನ್ನು ಕರೆಯುವ ಮೊದಲು ಮಿತ್ರಪಕ್ಷಗಳ ಬೆಂಬಲ ಪತ್ರ ತನ್ನಿ ಅಂದರು. ಜಯಲಲಿತಾ ಅವರ ಪತ್ರಕ್ಕಾಗಿ ಎಲ್ಲರೂ ಕಾದರು. ರಾಷ್ಟ್ರಪತಿಗೆ ಕೊಡುವ ಪತ್ರವನ್ನು ನಮಗೂ ತೋರಿಸುತ್ತೀರಾ, ಅದರಲ್ಲಿ ನಮ್ಮ ಜಿಲ್ಲೆಯ ಯಾವ ಕೆಲಸ ಇರುತ್ತದೆ ಅಂತ ಕೇಳಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೂಗಿತು. ತುರ್ತು ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಆಂಬುಲೆನ್ಸ್ ಓಡಿಸುವ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಬೇಕು ಅನ್ನುವವರೂ ಇದ್ದಾರೆ, ಕಾಡು ಉಳಿಯಲಿ ಅನ್ನುವವರೂ ಇದ್ದಾರೆ. ನೀವು ಯಾವ ಕಡೆ ಅಂತ ಅಭ್ಯರ್ಥಿ ಬಾಯಿಬಿಟ್ಟು ಹೇಳಲಿ.

ಉತ್ತರವನ್ನು ಸಂಘದ ಪುಸ್ತಕದಲ್ಲೇ ಬರೆಸಿ, ತಾರೀಕು ಹಾಕಿ, ಅಭ್ಯರ್ಥಿಯಿಂದ ಸಹಿ ಹಾಕಿಸಿಕೊಳ್ಳಿ. ಅದರ ಒಂದು ಪ್ರತಿ ನನಗೆ ಕಳಿಸಿ. ಯಾವ ಪಕ್ಷದವರದ್ದಾದರೂ ಸರಿ, ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇನೆ.